ಒಡವೆಗೆ ಕಲ್ಲು ಎಲ್ಲಿಂದ: ಕೊಲಂಬೊ, ಬ್ಯಾಂಕಾಕ್, ದುಬೈ, ಜೈಪುರ, ಇಲ್ಲಾ ನಮ್ಮೂರಿನ ಆಚಾರಿ?

ಕಾಫಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಮದುವೆಯ ಮಾತು, ಅದರ ಹಿಂದೆಯೇ ಒಡವೆಯ ಮಾತು ಶುರುವಾಗುತ್ತದೆ. ಈಚೆಗೆ ಆ ಮಾತಿನ ಮಧ್ಯೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಚಿನ್ನ ಇಲ್ಲೇ ತೆಗೆದುಕೊಂಡು, ಕಲ್ಲು ಮಾತ್ರ ಹೊರದೇಶದಿಂದ ತಂದರೆ ಅಗ್ಗ ಅಲ್ವಾ? ನೆಂಟರಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇರುತ್ತಾರೆ. ಶ್ರೀಲಂಕಾ, ಥಾಯ್ಲೆಂಡ್ ಪ್ರವಾಸ ಈಗ ದೂರದ ಮಾತಲ್ಲ. 2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದಮೇಲೆ ವಿರಾಜಪೇಟೆ ಕಡೆಯವರು ಮಾಕುಟ್ಟದ ಘಾಟಿ ಇಳಿದರೆ ಸಾಕು, ವಿಮಾನ ಹತ್ತಬಹುದು.

ಅಗ್ಗವೋ ಅಲ್ಲವೋ ಎನ್ನುವುದಕ್ಕೆ ನನ್ನ ಉತ್ತರ ಹೀಗಿದೆ. ಕೆಲವು ಒಡವೆಗೆ ಹೌದು, ಹೆಚ್ಚಿನವಕ್ಕೆ ಅಲ್ಲ. ಯಾವ ದೇಶ ಅಂತ ಯೋಚಿಸುವ ಮೊದಲು ಯಾವ ಒಡವೆ ಅಂತ ತೀರ್ಮಾನ ಆಗಬೇಕು. ಪ್ರವಾಸದಲ್ಲಿ ಚೆಂದ ಕಂಡ ಕಲ್ಲು ತಂದು, ಆಮೇಲೆ ಅದಕ್ಕೊಂದು ಒಡವೆ ಹುಡುಕುವವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಪತ್ತಾಕಿನ ಕಲ್ಲು ಬೇರೆ, ಉಂಗುರದ ಕಲ್ಲು ಬೇರೆ

ಪತ್ತಾಕನ್ನೇ ತೆಗೆದುಕೊಳ್ಳಿ. ಕೊಡವರ ಮದುವೆಯಲ್ಲಿ ತಾಯಿ ಮಗಳ ಕೊರಳಿಗೆ ಕಟ್ಟುವ ಒಡವೆ ಇದು. ನಡುವೆ ಚಿನ್ನದ ನಾಣ್ಯ, ಸುತ್ತ ಕೆಂಪು ಕಲ್ಲು, ಅಂಚಿಗೆ ಸಣ್ಣ ಮುತ್ತು, ಮೇಲೆ ನಾಗನ ಹೆಡೆ. ಕೊಕ್ಕೆತಾತಿ ಎಂಬ ಸರದ ಅರ್ಧಚಂದ್ರದಲ್ಲೂ ಕೆಂಪು ಕಲ್ಲಿನದೇ ಮೆರುಗು. ಹಳೆಯ ಪದ್ಧತಿಯ ಕೆಲಸದಲ್ಲಿ ಈ ಕಲ್ಲುಗಳ ಹಿಂಬದಿ ಮುಚ್ಚಿರುತ್ತದೆ. ಅಂಗಡಿಯಲ್ಲಿ ಇದನ್ನು ಕ್ಲೋಸ್ ಸೆಟ್ಟಿಂಗ್ ಅನ್ನುತ್ತಾರೆ. ಗೂಡಿನ ತಳಕ್ಕೆ ತೆಳ್ಳಗಿನ ಹೊಳೆಯುವ ತಗಡು ಇಟ್ಟು, ಅದರ ಮೇಲೆ ಕಲ್ಲು ಕೂರಿಸುತ್ತಾರೆ. ಬೆಳಕು ಆ ತಗಡಿಗೆ ಬಡಿದು ವಾಪಸ್ ಬರುತ್ತದೆ. ಆ ಕೆಂಪಿನ ಕಾಂತಿಯಲ್ಲಿ ಅರ್ಧ ಪಾಲು ಆ ತಗಡಿನದು.

ಇಂಥ ಒಡವೆಗೆ ಬೇಕಾದದ್ದು ಒಂದೇ ಬಣ್ಣದ, ಒಂದೇ ಅಳತೆಯ, ಒಂದೇ ದಪ್ಪದ ಹತ್ತಾರು ಸಣ್ಣ ಕಲ್ಲು. ಒಂದು ಒಳ್ಳೆಯ ಮಾಣಿಕ್ಯ ಸಿಕ್ಕುವುದು ಕಷ್ಟವಲ್ಲ. ಅದಕ್ಕೆ ಹೊಂದುವ ಇನ್ನೊಂದು ಡಜನ್ ಸಿಕ್ಕುವುದು ನಿಜವಾಗಿ ಕಷ್ಟ. ಕೂರಿಸುವಾಗ ಒಂದೆರಡು ಕಲ್ಲು ಒಡೆಯುವುದೂ ಇದ್ದದ್ದೇ. ಆಗ ಅದೇ ಜೋಡಿಯ ಕಲ್ಲಿಗೆ ಮತ್ತೆ ಬ್ಯಾಂಕಾಕಿಗೆ ಹೋಗಲಾಗುತ್ತದೆಯೇ? ಬಿಸಿ ಕಾಣದ (ಅಂದರೆ ಬಣ್ಣಕ್ಕೆಂದು ಕುಲುಮೆಯಲ್ಲಿ ಕಾಯಿಸದ), ಪಾರದರ್ಶಕ, ಹೊರದೇಶದ ದುಬಾರಿ ಕಲ್ಲನ್ನು ಹಿಂಬದಿ ಮುಚ್ಚಿದ ಗೂಡಿನಲ್ಲಿ ಹೂಳುವುದು ನನ್ನ ಮಟ್ಟಿಗೆ ದಂಡ. ಅದರ ಬೆಲೆ ಇರುವುದೇ ಬೆಳಕು ಅದರೊಳಗೆ ಆಡುವುದರಲ್ಲಿ.

ಉಂಗುರ, ಒಂಟಿ ಕಲ್ಲಿನ ಪೆಂಡೆಂಟ್, ಜೊತೆ ಓಲೆ, ಇವೆಲ್ಲ ಬೇರೆ ಲೆಕ್ಕ. ಇಲ್ಲಿ ಕಲ್ಲು ತೆರೆದ ಗೂಡಿನಲ್ಲಿ ಕೂರುತ್ತದೆ. ಎಲ್ಲ ಕಡೆಯಿಂದ ಬೆಳಕು ಬರುತ್ತದೆ. ಒಂದೋ ಎರಡೋ ಕಲ್ಲು ಸಾಕು. ಹೊರದೇಶಕ್ಕೆ ಹೋಗಿ ಆರಿಸುವ ಶ್ರಮಕ್ಕೆ ಇಲ್ಲಿ ಅರ್ಥವಿದೆ.

ಶ್ರೀಲಂಕಾ: ನೀಲಕ್ಕೆ ಹೋಗುವುದಾದರೆ ಇಲ್ಲಿಗೇ ಹೋಗಿ

ನೀಲ, ಹಳದಿ ಪುಷ್ಯರಾಗ, ವೈಡೂರ್ಯ, ಸ್ಪಿನೆಲ್, ಇವೆಲ್ಲ ಆ ನೆಲದಲ್ಲೇ ಸಿಗುತ್ತವೆ. ರತ್ನಪುರದ ಸುತ್ತ ಗದ್ದೆಬಯಲಿನಲ್ಲಿ ಗುಂಡಿ ತೋಡಿ, ಕಲ್ಲು ತುಂಬಿದ ಮಣ್ಣನ್ನು ಬುಟ್ಟಿಯಲ್ಲಿ ತೊಳೆದು ಹರಳು ಆರಿಸುತ್ತಾರೆ. ಕರಾವಳಿಯ ಬೇರುವಲದಲ್ಲಿ ದೊಡ್ಡ ವ್ಯಾಪಾರ. ಕೊಲಂಬೊದಲ್ಲಿ ಸರ್ಕಾರದ ನ್ಯಾಷನಲ್ ಜೆಮ್ ಆ್ಯಂಡ್ ಜ್ಯುವೆಲರಿ ಅಥಾರಿಟಿ ಇದೆ. ಕಲ್ಲು ಅಸಲಿಯೇ ಅಂತ ಅಲ್ಲಿ ಪರೀಕ್ಷೆ ಮಾಡಿಸಬಹುದು. ಪ್ರವಾಸಿಗೆ ಇದು ದೊಡ್ಡ ಧೈರ್ಯ. ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರವೇ ಕೊಳ್ಳಿ. 'ಲ್ಯಾಬ್ ಪರೀಕ್ಷೆ ಆದಮೇಲೆ ದುಡ್ಡು' ಅಂತ ಮೊದಲೇ ಹೇಳಿ. ಒಪ್ಪದವನ ಅಂಗಡಿಯಿಂದ ಎದ್ದು ಬನ್ನಿ.

ಒಂದು ವಿಷಯ ತಿಳಿದಿರಲಿ. ಅಲ್ಲಿ ಹಾಲಿನಂತೆ ಮಬ್ಬಾದ ಗೆಉಡ ಎಂಬ ಕಲ್ಲು ಸಿಗುತ್ತದೆ. ಒಂದು ಕಾಲದಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅದನ್ನು ಕೊಂಡುಹೋಗಿ ಕುಲುಮೆಯಲ್ಲಿ ಕಾಯಿಸಿ ಚೆಂದದ ನೀಲ ಮಾಡಿದರು. ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚಿನ ನೀಲ ಬಿಸಿ ಕಂಡದ್ದೇ. ಅದು ಮೋಸ ಅಲ್ಲ. ಬಣ್ಣ ಮಾಸುವುದಿಲ್ಲ, ಗಟ್ಟಿತನ ಹೋಗುವುದಿಲ್ಲ. ಆದರೆ ಬಿಸಿ ಕಾಣದ ಕಲ್ಲಿಗೆ ಬೆಲೆ ಹಲವು ಪಟ್ಟು ಜಾಸ್ತಿ. ಕಾಯಿಸಿದ್ದನ್ನು ಕಾಯಿಸದ ಬೆಲೆಗೆ ಮಾರಿದಾಗ ಮೋಸವಾಗುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ತೊಂದರೆ ಕಟಿಂಗಿನದು. ತೂಕ ಉಳಿಸಲು ಅಲ್ಲಿ ಎಷ್ಟೋ ಕಲ್ಲುಗಳ ಹೊಟ್ಟೆ ದಪ್ಪ ಬಿಟ್ಟಿರುತ್ತಾರೆ. ನೀವು ದುಡ್ಡು ಕೊಡುವುದು ಕ್ಯಾರಟ್ ಲೆಕ್ಕದಲ್ಲಿ, ಕಾಣುವುದು ಮುಖ ಮಾತ್ರ. ದಪ್ಪ ಹೊಟ್ಟೆಯ ಕಲ್ಲು ಉಂಗುರದಲ್ಲಿ ಕೆಳಗೆ ಇಳಿದು ಬೆರಳಿಗೆ ಒತ್ತುತ್ತದೆ. ಮತ್ತೆ ಕಡೆಸಿದರೆ ತೂಕ ಇಳಿಯುತ್ತದೆ, ಕೊಟ್ಟ ದುಡ್ಡೂ ಅದರ ಜೊತೆ ಇಳಿಯುತ್ತದೆ. ಆದ್ದರಿಂದ ತೂಕ ಕೇಳಿ ಸುಮ್ನಾಗಬೇಡಿ. ಉದ್ದ, ಅಗಲ, ಆಳ, ಮೂರನ್ನೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ನಮ್ಮ ಆಚಾರಿಗೂ ಅದೇ ಲೆಕ್ಕ ಬೇಕು.

ಬೆಳಕಿನ ವಿಷಯವನ್ನೂ ಕೊಡಗಿನವರು ಮರೆಯಬಾರದು. ಅಲ್ಲಿಯ ಉರಿಬಿಸಿಲಿನಲ್ಲಿ ಜೀವ ತುಂಬಿದಂತೆ ಕಂಡ ಕಡುನೀಲ, ಜೂನ್ ಜುಲೈನ ಮಡಿಕೇರಿಯ ಮೋಡದ ಬೆಳಕಿಗೆ ಬಂದರೆ ಕಪ್ಪಗೆ ಕಾಣುತ್ತದೆ. ಕಲ್ಲನ್ನು ನೆರಳಿಗೆ ತನ್ನಿ. ಅಂಗಡಿಯ ಸ್ಪಾಟ್‌ಲೈಟಿನಿಂದ ದೂರ, ಕಿಟಕಿಯ ಪಕ್ಕ ನಿಂತು ನೋಡಿ. ಅಲ್ಲೂ ನೀಲಿಯಾಗಿ ಕಂಡರೆ ಮಾತ್ರ ಮುಂದಿನ ಮಾತು. ನಮ್ಮ ಹವೆಗೆ ಒಂದು ಛಾಯೆ ತಿಳಿಯಾದ ನೀಲವೇ ಚೆನ್ನ.

ಥಾಯ್ಲೆಂಡ್: ಕಲ್ಲು ತುಂಬ ಇದೆ, ಬಲೆಯೂ ಇದೆ

ಬ್ಯಾಂಕಾಕಿನಿಂದ ಸುಮಾರು 250 ಕಿಲೋಮೀಟರ್ ದೂರದ ಚಂತಬೂರಿ, ಮಾಣಿಕ್ಯ ಮತ್ತು ನೀಲದ ದೊಡ್ಡ ಸಂತೆ. ವಾರದ ಕೊನೆಯಲ್ಲಿ ಕೊಳ್ಳುವವರು ಮೇಜು ಹಿಡಿದು ಕೂರುತ್ತಾರೆ. ದಲ್ಲಾಳಿಗಳು ಕಲ್ಲಿನ ಪೊಟ್ಟಣ ಹಿಡಿದು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಕಲ್ಲು ಕಾಯಿಸುವ, ಕಡೆಯುವ ಕೆಲಸದಲ್ಲಿ ಆ ಊರಿನವರನ್ನು ಮೀರಿಸಿದವರು ಕಡಿಮೆ. ಆಫ್ರಿಕಾದ ಕಲ್ಲೂ ಇಲ್ಲಿಗೇ ಬರುತ್ತದೆ. 2009ರಲ್ಲಿ ಮೊಜಾಂಬಿಕ್‌ನ ಮೊಂಟೆಪ್ಯೂಜ್‌ನಲ್ಲಿ ಮಾಣಿಕ್ಯ ಸಿಕ್ಕಮೇಲೆ ಮಾರುಕಟ್ಟೆಯ ಬಹುಪಾಲು ಕೆಂಪು ಅಲ್ಲಿಯದೇ. ಅಂಗಡಿಯವನು 'ಬರ್ಮಾ ಕೆಂಪು' ಅಂತ ಹೇಳಿದ ಮಾತ್ರಕ್ಕೆ ಅದು ಬರ್ಮಾದ್ದಾಗುವುದಿಲ್ಲ. ಆ ಹೆಸರಿಗೆ ಜಾಸ್ತಿ ದುಡ್ಡು ಕೊಡುವುದಾದರೆ, ಮೂಲ ಹೇಳುವ ದೊಡ್ಡ ಲ್ಯಾಬಿನ ವರದಿ ಕೈಯಲ್ಲಿರಬೇಕು.

ಅಳತೆಗೆ ಕಡೆದು ಬಣ್ಣ ಜೋಡಿಸಿದ ಸಣ್ಣ ಕಲ್ಲಿನ ಪೊಟ್ಟಣ ಬೇಕಿದ್ದರೆ ಥಾಯ್ಲೆಂಡ್ ಒಳ್ಳೆಯ ಜಾಗವೇ. ಆದರೆ ಆ ವ್ಯಾಪಾರ ಬಲ್ಲವರು ಜೊತೆಗಿರಬೇಕು. ಹೊಸಬರು ಸಂತೆಯ ಮೇಜಿನಲ್ಲಿ ಕೂತು ಗೆಲ್ಲುವ ಆಟ ಅಲ್ಲ ಅದು.

ಬ್ಯಾಂಕಾಕಿನ ಬೀದಿಯ ಮೋಸ ಹಳೆಯದು, ಇನ್ನೂ ನಿಂತಿಲ್ಲ. ದೊಡ್ಡ ದೇವಸ್ಥಾನದ ಹತ್ತಿರ ಒಬ್ಬ ಮರ್ಯಾದಸ್ಥ ಸಿಗುತ್ತಾನೆ. 'ಇವತ್ತು ಇಲ್ಲಿ ಬಾಗಿಲು ಹಾಕಿದೆ, ಬೇರೆ ಕಡೆ ತೋರಿಸುತ್ತೇನೆ' ಅನ್ನುತ್ತಾನೆ. ಟುಕ್‌ಟುಕ್ ತೀರಾ ಕಡಿಮೆ ಬಾಡಿಗೆಗೆ ಒಪ್ಪುತ್ತದೆ. ದಾರಿಯಲ್ಲಿ ಒಂದು ಒಡವೆ ಅಂಗಡಿ. ಇವತ್ತೇ ಕೊನೆ ದಿನದ ಸರ್ಕಾರಿ ಮಾರಾಟ, ಊರಿಗೆ ಒಯ್ದು ಎರಡು ಪಟ್ಟಿಗೆ ಮಾರಬಹುದು ಅಂತ ಆಸೆ ಹುಟ್ಟಿಸುತ್ತಾರೆ. ಅಂಥ ಸರ್ಕಾರಿ ಮಾರಾಟ ಎಂಬುದೇ ಇಲ್ಲ. ಊರಲ್ಲಿ ಮಾರಿ ಲಾಭ ಮಾಡಬಹುದು ಎಂಬ ಮಾತು ಯಾವ ದೇಶದಲ್ಲಿ ಬಂದರೂ ಅಲ್ಲಿಂದ ಹೊರಡಿ. ಲಾಭ ಅಷ್ಟು ಸುಲಭವಾಗಿದ್ದರೆ ಅವನೇ ಮಾರಿಕೊಳ್ಳುತ್ತಿದ್ದ.

ಇದಕ್ಕಿಂತ ದೊಡ್ಡ ಅಪಾಯ ಗಾಜು ತುಂಬಿದ ಮಾಣಿಕ್ಯ. ಬಿರುಕು ಬಿಟ್ಟ, ಕೆಲಸಕ್ಕೆ ಬಾರದ ಕೆಂಪು ಕಲ್ಲಿಗೆ ಸೀಸದ ಗಾಜು ಕರಗಿಸಿ ತುಂಬುತ್ತಾರೆ. 2004ರ ಹೊತ್ತಿಗೆ ಇದು ಮಾರುಕಟ್ಟೆಗೆ ಬಂತು, ಈಗ ಎಲ್ಲ ಕಡೆ ಹರಡಿದೆ. ನೋಡಲು ಸ್ವಚ್ಛ, ದೊಡ್ಡದು, ಅಗ್ಗ. ಲೆನ್ಸಿನಲ್ಲಿ ತಿರುಗಿಸಿ ನೋಡಿದರೆ ಬಿರುಕಿನ ಜಾಗದಲ್ಲಿ ನೀಲಿ ಮಿಂಚು, ಗಾಳಿಗುಳ್ಳೆ ಕಾಣುತ್ತವೆ. ನಮ್ಮ ಪರಿಚಯದವರ ಮನೆಯ ಇಂಥದ್ದೊಂದು ಕಲ್ಲು ಉಂಗುರದ ರಿಪೇರಿಗೆ ಹೋದಾಗ ಹಾಳಾಯಿತು. ಬೆಂಕಿ ತಾಗಿ ಒಳಗಿನ ಗಾಜು ಕರಗಿ, ಮೈಯೆಲ್ಲ ಬಿಳಿ ಗೀರಾಯಿತು. ಅವರು ಆಚಾರಿಯನ್ನು ಬೈದರು. ಅವನ ತಪ್ಪೇನೂ ಇರಲಿಲ್ಲ. ಇಂಥ ಕಲ್ಲಿಗೆ ನಿಂಬೆರಸವೂ ಆಗದು, ಒಡವೆ ತೊಳೆಯುವ ಆಮ್ಲವೂ ಆಗದು. ತಲೆಮಾರು ಬಾಳಬೇಕಾದ ಒಡವೆಗೆ ಅದನ್ನು ಹಾಕಲೇಬೇಡಿ.

ದುಬೈ

ಚಿನ್ನಕ್ಕೆ ದುಬೈ ಸರಿ, ಬಿಡಿ ಕಲ್ಲಿಗೆ ನಾನು ಅಲ್ಲಿಗೆ ಕಳಿಸುವುದಿಲ್ಲ. ಅಲ್ಲಿ ಮಾಣಿಕ್ಯವೂ ಬೆಳೆಯುವುದಿಲ್ಲ, ನೀಲವೂ ಇಲ್ಲ. ಎಲ್ಲ ಬೇರೆ ಕಡೆಯಿಂದ ಬಂದದ್ದು, ಒಂದಷ್ಟು ನಮ್ಮ ಜೈಪುರದಿಂದಲೇ ಹೋದದ್ದು. 5 ಶೇಕಡಾ ವ್ಯಾಟ್ ಇದೆ. ಪ್ರವಾಸಿಗಳಿಗೆ ವಿಮಾನ ನಿಲ್ದಾಣದಲ್ಲಿ ಅದನ್ನು ವಾಪಸ್ ಪಡೆಯುವ ವ್ಯವಸ್ಥೆ ಇದೆ. ಅಲ್ಲೇ ವಾಸ ಇರುವ ನೆಂಟರ ಹೆಸರಿನಲ್ಲಿ ಬಿಲ್ ಮಾಡಿಸಿದರೆ ಆ ಅನುಕೂಲ ಸಿಗದು.

ಜೈಪುರ: ದೇಶದೊಳಗೇ ಇರುವ ದೊಡ್ಡ ಸಂತೆ

ಪಚ್ಚೆ ಬೇಕೆಂದು ಹೊರದೇಶ ಸುತ್ತುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಜಾಂಬಿಯಾದ ಪಚ್ಚೆ ರಾಶಿರಾಶಿಯಾಗಿ ಜೈಪುರಕ್ಕೆ ಬಂದು ಅಲ್ಲೇ ಕಡೆಸಿಕೊಳ್ಳುತ್ತದೆ. ಜಗತ್ತಿನ ವ್ಯಾಪಾರಿಗಳು ಜೋಹರಿ ಬಜಾರಿನ ಸುತ್ತಿನ ಗಲ್ಲಿಗಳಿಗೆ ಬಂದು ಕೊಳ್ಳುತ್ತಾರೆ. ನಾವು ಅದನ್ನೇ ಬ್ಯಾಂಕಾಕಿನಲ್ಲಿ ಕೊಂಡು ಸಂತೋಷಪಡುವುದು ಯಾಕೆ? ಇಲ್ಲಿ ಬಿಲ್ ರೂಪಾಯಿಯಲ್ಲಿ, ಕಸ್ಟಮ್ಸ್ ಇಲ್ಲ, ಜಗಳ ಬಂದರೆ ಗ್ರಾಹಕರ ಆಯೋಗ ಇದೆ. 1972ರಲ್ಲಿ ಶುರುವಾದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಆ ಊರಿನಲ್ಲೇ ಇದೆ.

ಪತ್ತಾಕ್, ಕೊಕ್ಕೆತಾತಿಗೆ ಬೇಕಾಗುವ ಜೋಡಿ ಕೆಂಪೂ ಇಲ್ಲಿ ಅಳತೆಗೆ ತಕ್ಕಂತೆ ಸಿಗುತ್ತದೆ. ಇನ್ನೂ ಒಳ್ಳೆಯದೆಂದರೆ, ಊರಿನ ಆಚಾರಿಗೇ ಬಿಡುವುದು. ಅವರಿಗೆ ಕಲ್ಲು ಕೊಡುವ ವ್ಯಾಪಾರಿಗಳು ಇರುತ್ತಾರೆ. ಒಡೆದರೆ ಇನ್ನೊಂದು ತರಿಸಿ ಕೂರಿಸುವ ಹೊಣೆಯೂ ಅವರದೇ. ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟಂತೆ ಕಾಣಬಹುದು. ವಿಮಾನದ ಟಿಕೆಟ್, ಕಸ್ಟಮ್ಸ್, ಒಡೆದ ಕಲ್ಲಿನ ನಷ್ಟ ಸೇರಿಸಿ ನೋಡಿದರೆ ಆ ಹೆಚ್ಚು ಉಳಿಯುವುದಿಲ್ಲ.

ಪಚ್ಚೆಯ ವಿಷಯದಲ್ಲಿ ಒಂದು ಮಾತು. ಅದರೊಳಗೆ ಬಿರುಕು ಇರುವುದು ಸಹಜ, ಅದಕ್ಕೆ ಎಣ್ಣೆ ಹಾಕುವುದೂ ವ್ಯಾಪಾರದಲ್ಲಿ ಒಪ್ಪಿತ. ಎಷ್ಟು ಎಣ್ಣೆ ಎಂಬುದರ ಮೇಲೆ ಬೆಲೆ. ಸ್ವಲ್ಪವೋ, ಮಧ್ಯಮವೋ, ಜಾಸ್ತಿಯೋ ಅಂತ ಲ್ಯಾಬಿನವರು ಹೇಳುತ್ತಾರೆ. ದಿನಾ ತೊಡುವ ಉಂಗುರಕ್ಕೆ ಪಚ್ಚೆ ಬೇಡ. ತೋಟದಲ್ಲಿ, ಅಡುಗೆಮನೆಯಲ್ಲಿ ಕೈಯಾಡಿಸುವವರಿಗೆ ನೀಲ, ಮಾಣಿಕ್ಯವೇ ಗಟ್ಟಿ. ಅವುಗಳ ಕಠಿಣತೆ 9, ವಜ್ರಕ್ಕೆ ಹತ್ತು.

ಕಾಡಿನ ಹರಳು ಬೇಡ

ತಲಕಾವೇರಿ ಕಡೆಯ ಕಾಡಿನಲ್ಲಿ, ಅತ್ತ ಪುಷ್ಪಗಿರಿ ಬದಿಯಲ್ಲಿ ಕದ್ದು ಹರಳುಕಲ್ಲು ಅಗೆಯುವ ಸುದ್ದಿ ವರ್ಷಗಳಿಂದ ಬರುತ್ತಿದೆ. 'ನಮ್ಮ ಮಣ್ಣಿನದೇ ಕೆಂಪು, ಅಗ್ಗಕ್ಕೆ ಕೊಡುತ್ತೇನೆ' ಅಂತ ಯಾರಾದರೂ ಬಂದರೆ ಮನೆ ಒಳಗೆ ಬಿಡಬೇಡಿ. ಅಭಯಾರಣ್ಯದಲ್ಲಿ ಅಗೆಯುವುದು ಅಪರಾಧ, ಅಗೆದದ್ದನ್ನು ಕೊಳ್ಳುವವರೂ ಸಿಕ್ಕಿಬೀಳುತ್ತಾರೆ. ಅದೂ ಅಲ್ಲದೆ ಆ ಗುಂಡಿಗಳಿಂದ ಸಡಿಲವಾಗುವುದು ನಮ್ಮದೇ ಬೆಟ್ಟ. 2018ರ ಮಳೆಯಲ್ಲಿ ಬೆಟ್ಟ ಕುಸಿದರೆ ಏನಾಗುತ್ತದೆಂದು ಕಣ್ಣಾರೆ ಕಂಡವರು ನಾವು. ಮದುವೆ ಒಡವೆಗೆ ಅಂಥ ಕಲ್ಲು ಬರಬಾರದು.

ಅಜ್ಜಿಯ ಕೆಂಪಿಗೂ ಪರೀಕ್ಷೆ ಬೇಕು

ಹಳೆಯ ಒಡವೆಯ ಕಲ್ಲು ತೆಗೆದು ಹೊಸದಕ್ಕೆ ಹಾಕುವುದು ಒಳ್ಳೆಯ ದಾರಿ. ಆದರೆ ಹಳೆಯದು ಅಂದ ಮಾತ್ರಕ್ಕೆ ಅಸಲಿ ಅಂತಲ್ಲ. ಫ್ರಾನ್ಸಿನ ಓಗುಸ್ತ್ ವೆರ್ನೂಯ್ ಎಂಬವರು 1902ರಲ್ಲೇ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದರು. ಆಮೇಲೆ ಕೃತಕ ಕೆಂಪು ಜಗತ್ತಿನ ತುಂಬ ಹರಡಿತು. ಮುತ್ತಜ್ಜಿಯ ಕಾಲದ ಪತ್ತಾಕಿನಲ್ಲೂ ಅದು ಇರಬಹುದು. ಅದರಿಂದ ಆ ಒಡವೆಯ ಗೌರವ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಆ ಕಲ್ಲಿಗೆ ಜೋಡಿಯಾಗಲಿ ಅಂತ ಹೊರದೇಶದಿಂದ ಅಸಲಿ ಮಾಣಿಕ್ಯ ತರಿಸುವ ಮೊದಲು ಇದು ತಿಳಿದಿರಬೇಕು, ಅಲ್ವಾ?

ಬೆಂಗಳೂರಿನಲ್ಲಿ ಕಲ್ಲು ಪರೀಕ್ಷಿಸುವ ಲ್ಯಾಬ್‌ಗಳಿವೆ. ಜಿಐಎಯಂಥ ದೊಡ್ಡ ಸಂಸ್ಥೆಯ ಲ್ಯಾಬ್ ಮುಂಬೈನಲ್ಲಿದೆ. ವರದಿಯಲ್ಲಿ ನೋಡಬೇಕಾದದ್ದು ಕಲ್ಲಿನ ಜಾತಿ, ಸಹಜವೋ ಕೃತಕವೋ, ಬಿಸಿ ಅಥವಾ ಗಾಜು ಅಥವಾ ಎಣ್ಣೆ ಇದೆಯೋ, ತೂಕ, ಅಳತೆ. ವರದಿಯ ನಂಬರನ್ನು ಆ ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕಲ್ಲನ್ನು ಮತ್ತೆ ತೂಗಿಸಿ. ಅಂಗಡಿಯವನೇ ಅಚ್ಚು ಹಾಕಿಸಿ ಕೊಡುವ ಕಾರ್ಡಿಗೆ ನಾನು ಬೆಲೆ ಕೊಡುವುದಿಲ್ಲ. ರತ್ತಿ ಲೆಕ್ಕದಲ್ಲಿ ಮಾರುವವರಿಗೂ ಕ್ಯಾರಟ್‌ನಲ್ಲೇ ಹೇಳಲು ಕೇಳಿ. ಒಂದು ಕ್ಯಾರಟ್ ಅಂದರೆ ಎಲ್ಲ ಕಡೆ 0.2 ಗ್ರಾಂ. ರತ್ತಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

ಇನ್ನು ಮೊಬೈಲಿನಲ್ಲಿ ಲೈವ್ ತೋರಿಸಿ ಮಾರುವವರ ವಿಷಯ. ವಿಡಿಯೊದ ಬಣ್ಣ ಕಲ್ಲಿನ ಬಣ್ಣ ಅಲ್ಲ. ಹೊರದೇಶದವನು ವಾಪಸ್ ತೆಗೆದುಕೊಳ್ಳುತ್ತೇನೆ ಅಂದರೂ ಕಳಿಸುವ ಖರ್ಚು, ಕಸ್ಟಮ್ಸ್ ಕಾಗದ ಎಲ್ಲ ನಿಮ್ಮ ತಲೆಗೆ. ಬೇಡ.

ವಿಮಾನ ನಿಲ್ದಾಣದಲ್ಲಿ

ಕಲ್ಲು ಸಣ್ಣದು, ಜೇಬಿನಲ್ಲಿ ಹೋಗುತ್ತದೆ, ಯಾರು ನೋಡುತ್ತಾರೆ ಅನ್ನುವವರ ಮಾತು ಕೇಳಬೇಡಿ. ಸಿಕ್ಕಿದರೆ ಕಲ್ಲೂ ಹೋಗುತ್ತದೆ, ದಂಡವೂ ಬೀಳುತ್ತದೆ. ಪ್ರವಾಸ ಮುಗಿಸಿ ಬರುವವರಿಗೆ ಇರುವ ಸುಂಕ ವಿನಾಯಿತಿ 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂಪಾಯಿ ಇತ್ತು. ಈ ಮಿತಿಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಕಸ್ಟಮ್ಸ್ ವೆಬ್‌ಸೈಟ್ ನೋಡಿ. ಗಂಡ, ಹೆಂಡತಿ, ಮಕ್ಕಳ ವಿನಾಯಿತಿ ಒಟ್ಟುಗೂಡಿಸಿ ಒಂದೇ ಕಲ್ಲಿಗೆ ಹಾಕಲು ಬರುವುದಿಲ್ಲ. ಒಡವೆಗೆಂದೇ ಇರುವ ಬೇರೆ ವಿನಾಯಿತಿ, ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರಿಗೆ ಮಾತ್ರ. ಬಿಡಿ ಕಲ್ಲನ್ನು ಒಡವೆ ಅಂತ ಲೆಕ್ಕ ಹಿಡಿಯುವುದಿಲ್ಲ. ಮಿತಿ ದಾಟಿದರೆ ರೆಡ್ ಚಾನೆಲ್‌ಗೆ ಹೋಗಿ, ಬಿಲ್ ತೋರಿಸಿ, ಸುಂಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಮುಂದೆ ಮಾರುವಾಗ, ವಿಮೆ ಮಾಡಿಸುವಾಗ ಅದೇ ಆಧಾರ. ಕಲ್ಲಿನ ಬೆಲೆ ಹೋಲಿಸುವಾಗ ಈ ಸುಂಕ ಸೇರಿಸಿಯೇ ಹೋಲಿಸಿ. ಅಗ್ಗ ಅನಿಸಿದ ಎಷ್ಟೋ ಕಲ್ಲು ಇಲ್ಲಿ ಬಂದು ಸಮವಾಗುತ್ತದೆ.

ಮನೆಯ ಒಡವೆಯನ್ನು ಮಾದರಿಗೆಂದು ಹೊರದೇಶಕ್ಕೆ ಒಯ್ಯುವುದಿದ್ದರೆ, ಹೋಗುವಾಗಲೇ ಕಸ್ಟಮ್ಸ್‌ನವರ ಹತ್ತಿರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲದಿದ್ದರೆ ಬರುವಾಗ ಅದು ಹೊಸದಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಹವಳದ ಬಗ್ಗೆ ಇನ್ನೂ ಎಚ್ಚರ ಬೇಕು. ಕೊಡವರ ಕರ್ತಮಣಿ ಸರಕ್ಕೆ ಹವಳ ಬೇಕೇ ಬೇಕು. ಒಡವೆಗೆ ಹೆಸರಾದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ಇಟಲಿಯ ಟೊರ್ರೆ ಡೆಲ್ ಗ್ರೆಕೊ ಅದರ ಕೆಲಸಕ್ಕೆ ಹೆಸರಾದ ಊರು. ಆದರೆ ಪ್ರವಾಸಿ ಅಂಗಡಿಗಳಲ್ಲಿ ಬಣ್ಣ ಹಾಕಿದ ಬಿದಿರು ಹವಳವೇ ಜಾಸ್ತಿ. ಕಡಲ ತೀರದಲ್ಲಿ ಸಿಕ್ಕ ಹವಳದ ತುಂಡು ತರುವುದಂತೂ ಬೇಡವೇ ಬೇಡ. ನಮ್ಮ ವನ್ಯಜೀವಿ ಕಾನೂನಿನಲ್ಲಿ ಹಲವು ಜಾತಿಯ ಹವಳಕ್ಕೆ ರಕ್ಷಣೆ ಇದೆ. ಕರ್ತಮಣಿಯ ಹವಳವನ್ನು ಬಿಲ್ ಕೊಡುವ, ಪರೀಕ್ಷೆಗೆ ಒಪ್ಪುವ ಇಲ್ಲಿಯ ಅಂಗಡಿಯಲ್ಲೇ ಕೊಳ್ಳಿ.

ಆಚಾರಿಯ ಕೈಗೆ ಕೊಡುವಾಗ

ಎಲ್ಲಿಂದಲೇ ತಂದಿರಲಿ, ಕಲ್ಲಿನ ಫೋಟೊ ತೆಗೆದು, ತೂಕ ಬರೆದು, ಇಬ್ಬರೂ ನೋಡಿ ಸಹಿ ಹಾಕಿ. ಇದರಲ್ಲಿ ಅನುಮಾನದ ಮಾತೇನಿಲ್ಲ. ಒಳ್ಳೆಯ ಆಚಾರಿಗಳೇ ಹೀಗೆ ಮಾಡಲು ಕೇಳುತ್ತಾರೆ. ಕಲ್ಲಿಗೆ ಏನು ಮಾಡಿದ್ದಾರೆ ಅಂತ ಅವರಿಗೆ ಹೇಳಿ. ಎಣ್ಣೆ ಹಾಕಿದ ಪಚ್ಚೆಗೆ ಬೆಂಕಿಯೂ ಬೇಡ, ಅಲ್ಟ್ರಾಸಾನಿಕ್ ಯಂತ್ರದ ತೊಳೆತವೂ ಬೇಡ. ಬೆಸುಗೆ ಎಲ್ಲ ಮುಗಿದಮೇಲೆ ಕಲ್ಲು ಕೂರಬೇಕು, ಮುತ್ತು ಎಲ್ಲಕ್ಕಿಂತ ಕೊನೆಗೆ.

ಕ್ಲೋಸ್ ಸೆಟ್ಟಿಂಗ್ ಮಾಡಿಸುವವರು ಗೂಡಿನ ಅಂಚು ಬಿಗಿಯಾಗಿ ಒತ್ತಿದೆಯೇ ಅಂತ ಲೆನ್ಸಿನಲ್ಲಿ ನೋಡಬೇಕು. ನಮ್ಮ ಮಳೆಗಾಲದ ತೇವ ಒಳಗೆ ಸೇರಿದರೆ ತಗಡು ಕಪ್ಪಾಗಿ, ಎಂಥ ಒಳ್ಳೆಯ ಕಲ್ಲೂ ಸತ್ತಂತೆ ಕಾಣುತ್ತದೆ. ಆಗ ಕಲ್ಲು ಬದಲಿಸಲು ಓಡಬೇಡಿ. ಕಲ್ಲು ಎತ್ತಿ ತಗಡು ಬದಲಿಸಿದರೆ ಸಾಕು.

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಕೂಲಿ ಬೇರೆ ಬೇರೆ ಇರಲಿ. ಕಲ್ಲಿನ ತೂಕವನ್ನೂ ಚಿನ್ನದ ದರಕ್ಕೆ ಸೇರಿಸಿಬಿಟ್ಟರೆ, ದೇಶ ಸುತ್ತಿ ಉಳಿಸಿದ ದುಡ್ಡು ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಎಚ್‌ಯುಐಡಿ ಎಂಬ ಆರು ಅಕ್ಷರದ ಗುರುತು ಇರಬೇಕು. ಅದು ಚಿನ್ನದ ಶುದ್ಧತೆಗೆ ಮಾತ್ರ. ಕಲ್ಲಿನ ಬಗ್ಗೆ ಹಾಲ್‌ಮಾರ್ಕ್ ಏನೂ ಹೇಳುವುದಿಲ್ಲ. ಹಾಗಾಗಿ ಲ್ಯಾಬಿನ ವರದಿ, ಕಸ್ಟಮ್ಸ್ ರಸೀದಿ, ಆಚಾರಿಯ ಬಿಲ್, ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಒಡವೆಯ ಜೊತೆಗೇ ಮಗಳ ಕೈಗೆ ಕೊಡಿ.